ಮೂರನೇ ಪಾವಟಿಗಿ

ಎಮ್ಮೆಲ್ಲೆಯೂ ಓಟು ಹಾಕುತ್ತಾನೆ ಅನ್ನುವುದು ಫಕೀರವ್ವನಿಗೆ ಗೊತ್ತಾದದ್ದು ಮಿರ್ಚಿ ಭಜಿಯಿಂದ.

ಅಲ್ಲಿಯವರೆಗೆ ಅವಳ ತಿಳುವಳಿಕೆ ಸರಳವಾಗಿತ್ತು. ಓಟು ಹಾಕುವವರು ನಾವು, ಹಾಕಿಸಿಕೊಳ್ಳುವವನು ಅವನು. ಹಾಕಿಸಿಕೊಂಡು ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಏನು ಮಾಡುತ್ತಾನೋ ಆ ಶಿವನಿಗೇ ಗೊತ್ತು. ಹೋಗುವಾಗ ಇದ್ದ ಹೊಟ್ಟೆ ಬರುವಾಗ ಎರಡರಷ್ಟು ಆಗಿರುತ್ತದೆ, ಅಷ್ಟು ಮಾತ್ರ ಕಣ್ಣಿಗೆ ಕಾಣುತ್ತಿತ್ತು.

ಎಂಬತ್ತೊಂಬತ್ತರ ಚುನಾವಣೆ. ಊರು ಹಳ್ಳಗಟ್ಟಿ, ಶಲವಡಿಯಿಂದ ಎರಡು ಹರದಾರಿ ಆಚೆ. ಸುತ್ತ ಕಣ್ಣು ಹರಿಯುವಷ್ಟು ಕರಿಮಣ್ಣು. ಬಾವಿ ತೋಡಿದರೆ ಸವಳು ನೀರು, ದನ ಕೂಡ ಮೂತಿ ತಿರುಗಿಸುತ್ತಿದ್ದವು. ಕುಡಿಯಲು ಇದ್ದದ್ದು ಕೆರೆ ಒಂದೇ. ಕೆರೆಗೆ ಇಳಿಯಲು ಕಲ್ಲಿನ ಪಾವಟಿಗೆಗಳು, ಒಟ್ಟು ಹನ್ನೊಂದು ಮೆಟ್ಟಿಲು. ಊರವರು ಇಳಿದು ಕೊಡ ಮುಳುಗಿಸಿ ತರುತ್ತಿದ್ದರು. ಕೇರಿಯವರು ಇಳಿಯುವಂತಿರಲಿಲ್ಲ. ಒಡ್ಡಿನ ಮೇಲೆ ಕೊಡ ಸಾಲಾಗಿಟ್ಟು ಕುಕ್ಕರಗಾಲಿನಲ್ಲಿ ಕೂತು, ಹೋಗುವವರ ಬರುವವರ ಮುಖ ನೋಡಿ, "ಒಂದ ಕೊಡ ಹಾಕ್ರೆವ್ವಾ" ಅನ್ನಬೇಕು. ಯಾರಿಗಾದರೂ ಮನಸ್ಸು ಬಂದರೆ ಬಂತು. ಬರದಿದ್ದರೆ ಕೂತಿರು.

ಆವತ್ತು ಬೆಳಿಗ್ಗೆಯೂ ಕೂತಿದ್ದರು. ಫಕೀರವ್ವ, ಅವಳ ಸೊಸೆ ಸಣ್ಣವ್ವ, ಮಗ್ಗುಲು ಮನೆಯ ಮುದುಕಿ ದುರಗವ್ವ, ಇನ್ನೂ ಎಂಟು ಹತ್ತು ಹೆಣ್ಣುಮಕ್ಕಳು. ಸಣ್ಣವ್ವನಿಗೆ ಏಳು ತಿಂಗಳು, ಚೊಚ್ಚಲು. ಕುಕ್ಕರಗಾಲಿನಲ್ಲಿ ಕೂತರೆ ಮೊಣಕಾಲು ಹೊಟ್ಟೆಗೆ ಒತ್ತುತ್ತಿತ್ತು. ನೆಲಕ್ಕೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ನಿಂತರೆ ಕಾಲು ಬಾವು. ಒಂದು ತಾಸು ಆಗಿತ್ತು. ಕೊಡ ಇನ್ನೂ ಖಾಲಿ.

ಕೊನೆಗೆ ಗುರವ್ವ ಮೇಲೆ ಬಂದಳು. ಮಂಡಲ ಪಂಚಾಯ್ತಿ ಪ್ರಧಾನ ಶಂಕ್ರಪ್ಪನ ಹೆಂಡತಿ. ಕೆಟ್ಟವಳಲ್ಲ. ಹಬ್ಬಕ್ಕೆ ಕಡುಬು ಕೊಡುತ್ತಿದ್ದಳು, ಮೇಲಿನಿಂದ ಬಿಡುತ್ತಿದ್ದಳು, ಸೆರಗಿಗೆ ಬೀಳುತ್ತಿತ್ತು. ನೀರನ್ನೂ ಹಾಗೇ ಬಿಡುತ್ತಿದ್ದಳು. ಎದೆಯೆತ್ತರದಿಂದ ಧಾರೆ ಹಿಡಿದಳು. ಅರ್ಧ ಕೊಡಕ್ಕೆ ಬಿತ್ತು, ಅರ್ಧ ನೆಲಕ್ಕೆ ಬಿತ್ತು, ಒಂದಿಷ್ಟು ಸಣ್ಣವ್ವನ ಮುಖಕ್ಕೆ ಬಿತ್ತು. ಅಲ್ಲಿಂದ ಒಂದು ಹನಿ ಹಾರಿ ಗುರವ್ವನ ಕೊಡಕ್ಕೂ ತಾಗಿತು.

"ಅಯ್ಯ ನಿನ್ನ! ದೂರ ಸರಿಯಾಕ ಬರೂದಿಲ್ಲೇನ?" ಅಂದಳು ಗುರವ್ವ. ಉಳಿದ ನೀರು ಚೆಲ್ಲಿ, ಮತ್ತೆ ಇಳಿದು, ಕೊಡವನ್ನು ಮಣ್ಣು ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು. ಸಣ್ಣವ್ವ ಮುಖ ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅತ್ತದ್ದು ಗೊತ್ತಾಗುತ್ತಿತ್ತು.

ಇಪ್ಪತ್ತೇಳು ವರ್ಷದಿಂದ ಆ ಒಡ್ಡಿನ ಮೇಲೆ ಕೂತವಳು ಫಕೀರವ್ವ. ತನ್ನ ಮೈಮೇಲೆ ಬಿದ್ದದ್ದು ಒಣಗಿ ಹೋಗಿತ್ತು. ಸೊಸೆಯ ಮುಖದ ಮೇಲಿನದು ಒಣಗಲಿಲ್ಲ.

ಅದೇ ಹೊತ್ತಿಗೆ ಶಂಕ್ರಪ್ಪ ಒಡ್ಡಿಗೆ ಬಂದ. ಹೆಗಲ ಮೇಲೆ ಪಕ್ಷದ ಟವೆಲ್ಲು, ಬಾಯಿ ತುಂಬ ಎಲೆ ಅಡಿಕೆ.

"ಕೇಳ್ರಬೇ, ನಾಡದ್ದ ಮಧ್ಯಾಹ್ನ ಎಮ್ಮೆಲ್ಲೆ ಕುಬೇರಪ್ಪ ಸಾವಕಾರ್ರು ನಿಮ್ಮ ಕೇರಿಗೆ ಬರಾಕತ್ತಾರ. ಎಲ್ಲಾರೂ ಸೀರಿ ಉಟ್ಟಕೊಂಡ, ಆರತಿ ಹಿಡಕೊಂಡ ನಿಂದ್ರಬೇಕು. ಇವತ್ತ ಸಂಜಿಮುಂದ ಅವರ ಕಡಿಂದ ಮನಿಮನಿಗೆ ಮಿರ್ಚಿ ಭಜಿ."

"ನೀರ್ರೀ?" ಅಂದಳು ದುರಗವ್ವ.

"ಏನ ನೀರು?"

"ಮಿರ್ಚಿ ತಿಂದಮ್ಯಾಲ ನೀರ ಬೇಕಾಗತಾವಲ್ರಿ. ಅದನೂ ಸಾವಕಾರ್ರ ಕಳಸ್ತಾರ್ಯೋ, ನಾವ ಇಲ್ಲೇ ಬಂದ ಬಾಯಿ ತಕ್ಕೊಂಡ ಕುಂದ್ರೂಣೋ?"

ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡರು. ಶಂಕ್ರಪ್ಪ ಪಿಚಕ್ಕನೆ ಉಗುಳಿ ಹೋದ.

ಈ ಶಂಕ್ರಪ್ಪ ಒಬ್ಬ ಜಿಪುಣ. ಎಂಥಾ ಜಿಪುಣ ಅಂದರೆ, ಸಾಹುಕಾರನ ಖರ್ಚಿನಲ್ಲಿ ಭಜಿ ಹಂಚುವಾಗಲೂ ಅವನಿಗೆ ಕೈ ನಡುಗುತ್ತಿತ್ತು. ಬಸ್‌ಸ್ಟ್ಯಾಂಡಿನ ಜಮೀಲಾಬಿಗೆ ಭಜಿ ಕರಿಯಲು ಹೇಳಿದ. ಕಟ್ಟಿಕೊಡಲು ರದ್ದಿ ಬೇಕು ಅಂದಳು ಅವಳು. ರದ್ದಿಗೆ ಬೇರೆ ಖರ್ಚೇ? ಕುಬೇರಪ್ಪನ ಅಣ್ಣಿಗೇರಿ ಮನೆಯ ಅಟ್ಟದ ಮೇಲೆ ಪುಸ್ತಕದ ಗಂಟುಗಳು ಧೂಳು ಹಿಡಿದು ಬಿದ್ದಿದ್ದವು. ಬೆಂಗಳೂರಿನಿಂದ ಅಂಚೆಯಲ್ಲಿ ಬಂದವು. ದಾರ ಕೂಡ ಬಿಚ್ಚಿರಲಿಲ್ಲ. ಶಂಕ್ರಪ್ಪ ಒಂದು ಗಂಟು ಎತ್ತಿ ತಂದು ಜಮೀಲಾಬಿಯ ಒಲೆಯ ಮುಂದೆ ಒಗೆದ. "ಇದರಾಗ ಕಟ್ಟು" ಅಂದ. ಅವಳು ಹರಿದು ಹರಿದು ಕಟ್ಟಿದಳು.

ಅದು ವಿಧಾನಸಭೆಯ ನಡಾವಳಿ. ಅಲ್ಲಿ ಯಾರು ಏನು ಮಾತಾಡಿದರು, ಯಾರು ಯಾವ ಕಡೆ ಕೈ ಎತ್ತಿದರು, ಎಲ್ಲ ಅಚ್ಚು ಹಾಕಿಸಿದ ಪುಸ್ತಕ. ಕುಬೇರಪ್ಪ ತನ್ನ ಬಾಯಿಂದ ಬಿದ್ದ ಮಾತನ್ನು ತಾನೇ ಒಂದು ಸಲ ಓದಿ ನೋಡಲಿಲ್ಲ. ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಂಜೆಗೆ ಫಕೀರವ್ವನ ಮನೆಗೂ ಪೊಟ್ಟಣ ಬಂತು. ಫಕೀರವ್ವನಿಗೆ ಓದುವ ಚಟವಿತ್ತು. ನಾಲ್ಕು ವರ್ಷದ ಹಿಂದೆ ಕೇರಿಯಲ್ಲಿ ವಯಸ್ಕರ ಶಾಲೆ ಅಂತ ತೆರೆದಿದ್ದರು. ಉದ್ಘಾಟನೆಗೆ ಇದೇ ಕುಬೇರಪ್ಪ ಬಂದು, ಫಕೀರವ್ವನ ಕೈಯಲ್ಲಿ ಪಾಟಿ ಹಿಡಿಸಿ, ಬಾಜು ನಿಂತು ಫೋಟೋ ತೆಗೆಸಿಕೊಂಡು ಹೋಗಿದ್ದ. ಶಾಲೆ ನಾಲ್ಕು ತಿಂಗಳಿಗೆ ಮುಚ್ಚಿತು. ಉಳಿದವರು ಅಕ್ಷರ ಮರೆತರು. ಫಕೀರವ್ವ ಮರೆಯಲಿಲ್ಲ. ಬೀಡಿ ಕಟ್ಟು, ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಕಣ್ಣಿಗೆ ಬಿದ್ದದ್ದನ್ನೆಲ್ಲ ಒಂದೊಂದೇ ಅಕ್ಷರ ಹಿಡಿದು ಎಳೆಯುತ್ತಿದ್ದಳು. ಗಂಡ ರಾಮಪ್ಪ ಬೈಯುತ್ತಿದ್ದ. ಬೈದಾಗ ಇನ್ನೂ ಜೋರಾಗಿ ಓದುತ್ತಿದ್ದಳು.

ಭಜಿ ಕಚ್ಚುತ್ತ ಕಾಗದ ಬಿಡಿಸಿದಳು. ಎಣ್ಣೆ ಇಳಿದಿತ್ತು. ಓದಿದಳು.

"ಹ...ರಿ...ಜನರು ಕುಡಿಯುವ ನೀರಿನ ಕೆರೆಗೆ ಇಳಿಯಲು ಅಡ್ಡಿ ಇರುವ ಗ್ರಾಮಗಳಲ್ಲಿ... ಒಂದು ವರ್ಷದೊಳಗೆ... ಅವರ ಕೇರಿಗೆ ಬೇರೆ ನಳ ಹಾಕಿಸಬೇಕೆಂಬ... ನಿರ್ಣಯ."

ಬಾಯಿಯ ಭಜಿ ಬಾಯಲ್ಲೇ ಉಳಿಯಿತು. ಮತ್ತೊಮ್ಮೆ ಓದಿದಳು. ಬೆಂಗಳೂರಿನಲ್ಲಿ ಕೂತವರು ಈ ಒಡ್ಡಿನ ಮೇಲೆ ಕೂತವರ ಮಾತು ಆಡಿದ್ದಾರೆ! ಯಾರೋ ಪುಣ್ಯಾತ್ಮ ಎದ್ದು ನಳ ಬೇಕು ಅಂದಿದ್ದಾನೆ! ಹಾಗಾದರೆ ನಳ ಎಲ್ಲಿ? ಪುಟ ಮುಗಿದುಹೋಗಿತ್ತು. ಕೆಳಗೆ ಇನ್ನೂರಾ ಹನ್ನೆರಡು ಅಂತ ಇತ್ತು.

ಇನ್ನೂರಾ ಹದಿಮೂರು ಹುಡುಕಬೇಕಿತ್ತು. ಅದು ಕೇರಿಯ ನಲವತ್ತು ಮನೆಗಳಲ್ಲಿ ಯಾವುದೋ ಒಂದರಲ್ಲಿ ಎಣ್ಣೆ ಕುಡಿಯುತ್ತಿತ್ತು.

ಫಕೀರವ್ವ ಮನೆಮನೆ ಹೊಕ್ಕಳು. "ಭಜಿ ನೀವ ತಿನ್ರಿ, ಕಾಗದಾ ನನಗ ಕೊಡ್ರಿ." ಜನ ನಕ್ಕರು. ಒಬ್ಬಳು ಕೂಸಿನ ಕುಂಡಿ ಒರೆಸಿ ಒಗೆದಿದ್ದಳು, ಅದನ್ನೂ ಕಡ್ಡಿಯಿಂದ ಬಿಡಿಸಿ ನೋಡಿದಳು. ಅದರಲ್ಲಿ ಯಾವುದೋ ಊರಿನ ಸಕ್ಕರೆ ಕಾರ್ಖಾನೆಯ ಮಾತಿತ್ತು, ಇದ್ದ ಜಾಗದಲ್ಲೇ ಬಿಟ್ಟಳು. ಇನ್ನೊಂದರಲ್ಲಿ ಶಾಸಕರ ಭತ್ಯೆ ಹೆಚ್ಚಿಸುವ ಮಾತು. ಅದಕ್ಕೆ ಒಬ್ಬನೂ ಬೇಡ ಅಂದಿರಲಿಲ್ಲ. ಇನ್ನೂರಾ ಹದಿಮೂರು ಸಿಕ್ಕದ್ದು ದುರಗವ್ವನ ಮನೆಯಲ್ಲಿ, ಕಾವು ಕೂತ ಕೋಳಿಯ ಕೆಳಗೆ. ಕೋಳಿ ಎರಡು ಸಲ ಕುಕ್ಕಿತು. ಎಳೆದು ತೆಗೆದಳು.

ಅದರಲ್ಲಿ ಕುಬೇರಪ್ಪನೇ ಎದ್ದು ನಿಂತಿದ್ದ. ಹೆಸರು, ಕ್ಷೇತ್ರ, ಎಲ್ಲ ಅಚ್ಚುಕಟ್ಟಾಗಿ ಇತ್ತು. ಫಕೀರವ್ವ ದುರಗವ್ವನ ಹೊಸ್ತಿಲ ಮೇಲೆ ಕೂತು ಓದಿದಳು.

"ಮಾನ್ಯ ಸಭಾಧ್ಯಕ್ಷರೇ, ನನ್ನ ಕ್ಷೇತ್ರದಲ್ಲಿ ಇಂಥ ತೊಂದರೆ ಇಲ್ಲವೇ ಇಲ್ಲ. ಹರಿಜನ ಬಾಂಧವರು ಎಲ್ಲರ ಜೊತೆಗೆ ಅದೇ ಪಾವಟಿಗೆ ಇಳಿದು ಅದೇ ಕೆರೆಯ ನೀರನ್ನು ಸಂತೋಷದಿಂದ ತರುತ್ತಾರೆ. ನಳ ಅನವಶ್ಯಕ."

ದುರಗವ್ವ ಕೋಳಿಯನ್ನು ಬುಟ್ಟಿಗೆ ತಳ್ಳಿ ಹತ್ತಿರ ಬಂದಳು. "ಯಾವ ಪಾವಟಿಗಿ ಬೇ? ನಾ ಹುಟ್ಟಿ ಅರವತ್ತ ವರ್ಷಾತು, ಒಂದೂ ತುಳದಿಲ್ಲ. ಇಂವ ನನ್ನ ಯಾವಾಗ ಇಳಿಸಿದಾ?" ಆಮೇಲೆ, "ಸಂತೋಷದಿಂದ ಅಂತ! ಇಂವನ ಬಾಯಾಗ ನನ್ನ ಕೆರಾ ಹಾಕ" ಅಂದಳು.

ಯಾರು ಯಾವ ಕಡೆ ಓಟು ಹಾಕಿದರು ಅನ್ನುವ ಹೆಸರುಗಳ ಪಟ್ಟಿ ಮಾತ್ರ ಮುಂದಿನ ಹಾಳೆಯಲ್ಲಿತ್ತು. ಅದು ಎಲ್ಲೂ ಸಿಗಲಿಲ್ಲ. ಸೋತು ಮನೆಗೆ ಬಂದರೆ, ರಾಮಪ್ಪ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ತಂಬಾಕು ಕಟ್ಟಿದ್ದ ಕಾಗದದ ಮೂಲೆಯಲ್ಲಿ ಇನ್ನೂರಾ ಹದಿನೈದು ಅಂತ ಕಂಡಿತು.

"ಅದ ಕೊಡು ಇಲ್ಲೆ."

"ತಂಬಾಕ ಎಲ್ಲಿ ಹಾಕ್ಲಿ?"

"ನನ್ನ ತಲಿ ಮ್ಯಾಲ ಹಾಕು. ಕೊಡು."

ಎರಡು ಸಾಲು ಹೆಸರು. ಮೇಲಿನದು "ನಿರ್ಣಯದ ಪರ". ಅದು ಗಿಡ್ಡ ಸಾಲು. ಕೆಳಗಿನದು "ವಿರುದ್ಧ". ಅದು ಉದ್ದ ಸಾಲು, ಅದರ ನಡುವೆ ತಂಬಾಕಿನ ಪುಡಿಯ ಕೆಳಗೆ ಕುಬೇರಪ್ಪ ಕೂತಿದ್ದ. ಫಕೀರವ್ವ ಉಫ್ ಅಂತ ಊದಿದಳು. ಹೆಸರು ಹೋಗಲಿಲ್ಲ.

"ಇಂವಾನೂ ಓಟ ಹಾಕ್ತಾನ, ನೋಡು" ಅಂದಳು ಗಂಡನಿಗೆ. "ನಮ್ಮ ನೀರ ಬ್ಯಾಡ ಅಂತ ಹಾಕ್ಯಾನ."

ರಾಮಪ್ಪ ಆ ಕಡೆ ಈ ಕಡೆ ನೋಡಿದ. ಅವನು ಶಂಕ್ರಪ್ಪನ ಮನೆಯ ಆಳು. ಹನ್ನೆರಡು ವರ್ಷದಿಂದ ಅವನ ಎತ್ತು ಮೇಯಿಸಿ, ಅವನ ಕೊಟ್ಟಿಗೆಯ ಸಗಣಿ ಬಳಿದು, ಅವನ ಮನೆಯ ರೊಟ್ಟಿಯನ್ನು ಹಿತ್ತಲಲ್ಲಿ ಕೂತು ತಿಂದವನು. "ಸುಮ್ನಿರ ಬೇ" ಅಂದ. "ಇದನ್ನ ಯಾರ ಮುಂದ ಅಂದಿ, ನನ್ನ ಕೆಲಸಾ ಹೋಕ್ಕೈತಿ. ಕೆರಿ ಮ್ಯಾಲ ಒಬ್ಬರೂ ಒಂದ ಹನಿ ಹಾಕೂದಿಲ್ಲ. ಬಸರಿ ಹುಡಿಗಿ ಅದಾಳ ಮನ್ಯಾಗ. ಏನ ಕುಡಸ್ತಿ ಆಕಿಗೆ, ಈ ಕಾಗದಾ?"

ಅವನ ಮಾತು ಸುಳ್ಳಲ್ಲ. ಫಕೀರವ್ವ ಹಾಳೆಗಳನ್ನು ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡಳು.

ಮರುದಿನ ಬಿಳಿಜೋಳದ ಹೊಲದಲ್ಲಿ ಕಸ ತೆಗೆಯುವಾಗ ಮಾತು ಬಂತು. ಹನ್ನೆರಡು ಜನ ಸಾಲು ಹಿಡಿದು, ಸೊಂಟ ಬಗ್ಗಿಸಿ, ಕುರ್ಪಿ ಆಡಿಸುತ್ತಿದ್ದರು. ಕರಿಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕುರ್ಪಿ ಹಿಡಿದ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದಿದ್ದವು. ಕುಡಿಯಲು ಒಂದೇ ತತ್ರಾಣಿ ನೀರು, ಹನ್ನೆರಡು ಬಾಯಿ. ಫಕೀರವ್ವ ಮೂರೂ ಹಾಳೆಗಳನ್ನು ಕುಪ್ಪಸದಿಂದ ತೆಗೆದು ಬಗ್ಗಿದಲ್ಲೇ ಓದಿದಳು.

"ನಮ್ಮ ಓಟ ಡಬ್ಬ್ಯಾಗ ಹಾಕಿ ಬೀಗಾ ಜಡೀತಾರ" ಅಂದಳು ಒಬ್ಬಳು. "ಅವರ್ದು ಛಾಪಸ್ತಾರೇನ?"

"ಛಾಪಿಸಿ ಭಜಿ ಕಟ್ತಾರ" ಅಂದಳು ದುರಗವ್ವ.

"ಕೇಳೂಣು" ಅಂದಳು ಫಕೀರವ್ವ. "ನಾಳೆ ಬರ್ತಾನಲ್ಲ, ಮಾರಿ ಮ್ಯಾಲ ಕೇಳೂಣು."

ಎಲ್ಲರೂ ಬಗ್ಗಿ ಮತ್ತೆ ಕುರ್ಪಿ ಆಡಿಸತೊಡಗಿದರು. ಎಲ್ಲರ ಗಂಡಂದಿರೂ ಯಾರದೋ ಮನೆಯ ಆಳುಗಳು. ಎಲ್ಲರ ಕೊಡಗಳೂ ಅದೇ ಒಡ್ಡಿನ ಮೇಲೆ.

ದುರಗವ್ವ ಸೊಂಟ ನೆಟ್ಟಗೆ ಮಾಡಿದಳು. "ಕೇಳಿದ್ರ ಸಿಟ್ಟಾಗತಾರ. ಬಾಗಲಾ ತಡದ್ರ ಯಾರರ ಸಿಟ್ಟಾಗತಾರನ?"

ಆ ಸೀಮೆಯಲ್ಲಿ ಅದೊಂದು ಪದ್ಧತಿ. ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗಂಡ ಹೆಂಡತಿಯ ಹೆಸರನ್ನೂ ಅಷ್ಟು ಸಲೀಸಾಗಿ ಹೇಳುವುದಿಲ್ಲ. ಮದುವೆಯಾಗಿ ಮನೆ ಹೊಗುವಾಗ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ಸೀರೆ ಹಿಡಿಯುತ್ತಾರೆ. ಪ್ರಾಸ ಕೂಡಿಸಿ ಒಡಪು ಕಟ್ಟಿ, ಅದರಲ್ಲಿ ಹೆಸರು ಸೇರಿಸಿ ಹೇಳಿದರೆ ಒಳಗೆ. ಹೇಳುವವರೆಗೆ ಹೊರಗೆ, ಅವನು ಗೌಡನಾಗಿರಲಿ ದೇಸಾಯಿಯಾಗಿರಲಿ. ಎಷ್ಟು ಹೊತ್ತು ತಡೆದರೂ, ಏನು ಹಾಸ್ಯ ಮಾಡಿದರೂ, ಸಿಟ್ಟಾಗುವಂತಿಲ್ಲ. ಸಿಟ್ಟಾದವನಿಗೆ ಊರು ನಗುತ್ತದೆ.

"ಇಂವ ಯಾವ ಹೆಸರ ಹೇಳಾಕ ನಾಚಕೋತಾನ?" ಅಂದಳು ಒಬ್ಬಳು.

"ತನ್ನ ಓಟಿನ ಹೆಸರ" ಅಂದಳು ದುರಗವ್ವ.

ಹೊಲದ ತುಂಬ ನಗು ಎದ್ದಿತು. ಹೊಲದ ಮಾಲೀಕ ಬದುವಿನಿಂದ, "ಕಸಾ ತಗೀರಿ, ಹಲ್ಲ ತಗೀಬ್ಯಾಡ್ರಿ" ಅಂತ ಕೂಗಿದ. ಬಗ್ಗಿದರು. ಬಗ್ಗಿಕೊಂಡೇ ಒಡಪು ಕಟ್ಟಿದರು.

ಕುಬೇರಪ್ಪ ಹೇಳಿದ ಹೊತ್ತಿಗೆ ಬರಲಿಲ್ಲ, ಎರಡು ತಾಸು ತಡವಾಗಿ ಬಂದ. ಮುಂದೆ ಜೀಪು, ಜೀಪಿನ ನೆತ್ತಿಯ ಮೇಲೆ ಮೈಕಿನ ಎರಡು ಹಾರ್ನು, ಹಿಂದೆ ಊರಿನ ಗಂಡಸರು. ಬಿಳಿ ಧೋತರ, ಬಿಳಿ ಅಂಗಿ, ಕೈ ಮುಗಿದದ್ದು ಮುಗಿದೇ ಇತ್ತು. ಮುಖದ ತುಂಬ ನಗು. ಒಪ್ಪಲೇಬೇಕು, ಮನುಷ್ಯ ಚೆಂದ ನಗುತ್ತಿದ್ದ.

ಕೇರಿಯ ಬಾಯಿಗೆ ಫಕೀರವ್ವ ಮತ್ತು ದುರಗವ್ವ ಹಳೆಯ ಇಳಕಲ್ ಸೀರೆಯೊಂದರ ಎರಡು ತುದಿ ಹಿಡಿದು ಅಡ್ಡ ನಿಂತಿದ್ದರು. ಹಿಂದೆ ಕೇರಿಯ ಹೆಣ್ಣುಮಕ್ಕಳು ಎಲ್ಲ. ಅವರ ಹಿಂದೆ ಸಾಲು ಖಾಲಿ ಕೊಡ. ಆ ಕೊಡಗಳನ್ನು ಯಾರೂ ಗಮನಿಸಲಿಲ್ಲ.

"ಓಹೋ! ಬಾಗಲಾ ತಡದೀರೇನಬೇ ನನಗ?" ಕುಬೇರಪ್ಪನಿಗೆ ಖುಷಿಯಾಯಿತು. ಜೀಪಿನಲ್ಲಿ ಮೈಕ್ ಹಿಡಿದಿದ್ದವನಿಗೆ ಸನ್ನೆ ಮಾಡಿದ. "ಮೈಕ್ ತಗೊಂಬಾ. ಊರಾಗ ಎಲ್ಲಾರೂ ಕೇಳ್ಲಿ, ಕೇರಿ ಮಂದಿ ಪ್ರೀತಿ ಎಷ್ಟೈತಿ ಅಂತ." ಮೈಕ್ ಬಂತು. ಅವನು ಗಂಟಲು ಸರಿಮಾಡಿಕೊಂಡ.

"ಹುಬ್ಬಳ್ಳಿ ಸಂತ್ಯಾಗ ತಂದೀನಿ ಹಸರ ಸೀರಿ,
ನೀಲಕ್ಕನ ಹೆಸರ ಹೇಳೀನಿ, ಬಾಜು ಸರೀರಿ!"

ಎಲ್ಲರೂ ಹೋ ಅಂದರು. ಕೇರಿಯ ಹೆಣ್ಣುಮಕ್ಕಳೂ ನಕ್ಕರು. ಒಂದು ಗಳಿಗೆ ಫಕೀರವ್ವನ ಕೈಯೂ ಸಡಿಲಾಯಿತು. ಹಾಗಿತ್ತು ಅವನ ನಗು.

ದುರಗವ್ವ ಸೀರೆ ಬಿಗಿ ಮಾಡಿದಳು. "ಆ ಹೆಸರ ನಮಗೂ ಗೊತ್ತೈತ್ರಿ. ನಮಗ ಬೇಕಾದ್ದು ಬ್ಯಾರೇದು." ಮೈಕಿಗೆ ಬಾಯಿ ಹತ್ತಿರ ತಂದು ಹೇಳಿದಳು.

"ಬೆಂಗಳೂರ ಸಭಾದಾಗ ಮೆತ್ತನ್ನ ಕುರ್ಚಿ,
ಹಳ್ಳಗಟ್ಟಿ ಕೇರ್ಯಾಗ ಬಿಸಿಬಿಸಿ ಮಿರ್ಚಿ.
ನಮ್ಮ ನಳಕ್ಕ ನಿಮ್ಮ ಓಟು ಯಾವ ಕಡಿ ಬಿತ್ತು?
ಹೇಳಿದ್ರ ಬಾಗಲಾ ತೆರದೈತಿ, ಹೇಳದಿದ್ರ ಸುತ್ತು."

ಕುಬೇರಪ್ಪ ಇನ್ನೂ ನಗುತ್ತಲೇ ಇದ್ದ. ತಲೆಗೆ ಹತ್ತಿರಲಿಲ್ಲ. "ಯಾವ ನಳಾ?" ಅಂದ.

"ಕೆರಿಗೆ ಇಳಿಯಾಕ ಬಿಡದಿದ್ದ ಊರಾಗ ಕೇರಿಗೆ ನಳಾ ಹಾಕಸಬೇಕಂತ ಅಲ್ಲೆ ಮಾತ ಬಂದಿತ್ತಲ್ರಿ" ಅಂದಳು ಫಕೀರವ್ವ. "ನೀವು ಓಟ ಹಾಕಿದ್ರಿ. ಹಾಕಬೇಕಂತ ಹಾಕಿದ್ರ್ಯೋ, ಬ್ಯಾಡಂತ ಹಾಕಿದ್ರ್ಯೋ? ಅದನಷ್ಟ ಹೇಳ್ರಿ, ಒಳಗ ಬರ್ರಿ."

ನಗು ನಿಂತಿತು. ಹಲ್ಲು ಮಾತ್ರ ಕಾಣುತ್ತಿದ್ದವು. "ನೂರಾ ಎಂಟ ಓಟ ಹಾಕಿರ್ತೀನಿ. ನೆನಪ ಎಲ್ಲಿರತಾವಬೇ?"

"ನಾವು ಐದ ವರ್ಷಕ್ಕ ಒಂದ ಹಾಕ್ತೀವ್ರಿ, ಅದ ನಿಮಗ ಅಗದಿ ನೆನಪಿರತೈತಿ" ಅಂದಳು ಫಕೀರವ್ವ.

ಊರಿನ ಗಂಡಸರ ಗುಂಪಿನಲ್ಲೇ ಯಾರೋ ಕಿಸಕ್ಕಂದರು. ಶಂಕ್ರಪ್ಪ ಮುಂದೆ ನುಗ್ಗಿದ. "ಏ ಫಕೀರವ್ವಾ, ಸೀರಿ ಬಿಡು. ನಿನ್ನ ಗಂಡ ಯಾರ ಮನ್ಯಾಗ ದುಡೀತಾನ, ನೆನಪೈತಿಲ್ಲೋ? ನಾಳೆ ಮುಂಜಾನೆ ಕೊಡಾ ತಗೊಂಡ ಎಲ್ಲಿ ಬರ್ತಿ, ಅದನೂ ನೆನಪ ಇಟ್ಕೊ."

ಹಾರ್ನಿನೊಳಗಿಂದ ಈ ಮಾತು ಅಗಸಿಯವರೆಗೂ ಹೋಗಿ ಮುಟ್ಟಿತು. ರಾಮಪ್ಪ ಗುಂಪಿನ ಅಂಚಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ಫಕೀರವ್ವನಿಗೆ ಬಿಟ್ಟುಬಿಡಲೇ ಅನ್ನಿಸಿತು. ಸೀರೆ ಬಿಟ್ಟರೆ ಮುಗಿಯಿತು, ಆರತಿ ಎತ್ತಿ ಮನೆಗೆ ಹೋಗಬಹುದು. ತಿರುಗಿ ನೋಡಿದಳು. ಸಣ್ಣವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ತನ್ನನ್ನೇ ನೋಡುತ್ತಿದ್ದಳು.

ಫಕೀರವ್ವ ಸೀರೆಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕುಪ್ಪಸದಿಂದ ಹಾಳೆ ತೆಗೆದಳು. ಮೈಕ್ ಎಳೆದುಕೊಂಡಳು. ಓದಿದಳು. ಒಂದೊಂದೇ ಅಕ್ಷರ. ಎಡವಿದಲ್ಲಿ ನಿಂತು, ಮತ್ತೆ ಹಿಡಿದು, ಮತ್ತೆ ಓದಿದಳು. ಯಾರ ಗಡಿಬಿಡಿಗೂ ಅವಳು ಜಗ್ಗಲಿಲ್ಲ. "ವಿ...ರುದ್ಧ. ಶ್ರೀ... ಕು...ಬೇ...ರಪ್ಪ."

"ಇದು ವಿರೋಧ ಪಕ್ಷದವರ ಕಾರಸ್ತಾನ!" ಕುಬೇರಪ್ಪ ಕೂಗಿದ. "ಎಲ್ಲಿಂದ ಬಂತ ಈ ಕಾಗದಾ?"

"ನಿಮ್ಮ ಮನಿಂದ ಬಂತ್ರಿ." ಗುಂಪಿನ ನಡುವಿನಿಂದ ಜಮೀಲಾಬಿ ಬಂದಳು. ಕೈಯಲ್ಲಿ ಒಂದು ದಪ್ಪ ಕಾಗದ. ಒಲೆ ಬೀಸಲು ಇಟ್ಟುಕೊಂಡಿದ್ದಳು, ಒಂದು ಮೂಲೆ ಸುಟ್ಟಿತ್ತು. ಗಂಟಿನ ಮೇಲಿನ ಹೊದಿಕೆ. ಅದರ ಮೇಲೆ ಅಂಚೆಯ ಮುದ್ರೆ, ಕುಬೇರಪ್ಪನ ಹೆಸರು, ಅಣ್ಣಿಗೇರಿಯ ವಿಳಾಸ. "ಪ್ರಧಾನ್ರು ತಂದ ಕೊಟ್ರು. ರದ್ದಿ ಖರ್ಚ ಉಳೀತೈತಿ ಅಂದ್ರು. ನಾ ಭಜಿ ಕಟ್ಟೀನಿ, ಅಷ್ಟ. ನನ್ನ ತಪ್ಪಿಲ್ಲ, ಭಜಿ ಹೆಂಗಿದ್ವು ಹೇಳ್ರಿ."

ಕುಬೇರಪ್ಪ ಶಂಕ್ರಪ್ಪನ ಕಡೆ ನೋಡಿದ ನೋಟಕ್ಕೆ ಹಸಿ ಕಟ್ಟಿಗೆ ಹೊತ್ತಬೇಕಿತ್ತು. ಗುಂಪಿನಲ್ಲಿ ಈಗ ಬಹಿರಂಗವಾಗಿ ನಗುತ್ತಿದ್ದರು. ಚುನಾವಣೆಗೆ ಉಳಿದದ್ದು ಎಂಟು ದಿನ.

ಆದರೆ ಮನುಷ್ಯ ಮೂರು ಸಲ ಆರಿಸಿ ಬಂದವನು, ಸುಮ್ಮನೆ ಅಲ್ಲ. ಬೆವರು ಒರೆಸಿಕೊಂಡು ಮೈಕ್ ತೆಗೆದುಕೊಂಡ. ಧ್ವನಿಗೆ ಬೆಲ್ಲ ಹಚ್ಚಿದ. "ತಂಗಿ, ನೀ ಪೂರಾ ಓದಲಿಲ್ಲ. ನಾ ಯಾಕ ಬ್ಯಾಡಂದೆ? ನಮ್ಮಲ್ಲೆ ಆ ಜಾತಿ ಭೇದ ಇಲ್ಲ, ಅದಕ್ಕ ಬ್ಯಾಡಂದೆ. ನಮ್ಮ ಊರ ಮರ್ಯಾದಿ ಕಾಪಾಡೀನಿ ನಾ. ಕೇರಿ ಮಂದಿ ಎಲ್ಲಾರ ಜೋಡಿ ಕೆರಿಗೆ ಇಳದ ನೀರ ತರ್ತಾರ ಅಂತ ಎದಿ ತಟ್ಟಿ ಹೇಳೀನಿ. ಹೇಳೀನೋ ಇಲ್ಲೋ? ಓದ ಅದನ!"

ಫಕೀರವ್ವ ಓದಲಿಲ್ಲ. ಅದು ಅವಳಿಗೆ ಬಾಯಿಪಾಠವಾಗಿತ್ತು.

"ಹೇಳೀರಿ. ಅದು ಖರೇನ್ರಿ?"

"ಖರೇ ಅಲ್ದ ಮತ್ತ? ಕುಬೇರಪ್ಪ ಸಭಾದಾಗ ಸುಳ್ಳ ಹೇಳ್ತಾನನ?"

"ನಾವು ಕೆರಿಗೆ ಇಳೀತೀವಿ?"

"ಇಳೀತೀರಿ!"

"ಪಾವಟಿಗಿ ತುಳದ, ನಮ್ಮ ಕೈಲೆ ಕೊಡಾ ಮುಳಗಸ್ತೀವಿ?"

"ಮುಳಗಸ್ತೀರಿ! ಯಾರ ಬ್ಯಾಡಂತಾರ ನಿಮಗ?"

ಶಂಕ್ರಪ್ಪ ಬಾಯಿ ತೆರೆದ. "ಸಾವಕಾರ್ರ, ಅದು ಹೆಂಗ..."

"ಸುಮ್ನಿರೋ ಮಗನ, ಮೈಕ್ ಚಾಲೂ ಐತಿ" ಅಂದ ಕುಬೇರಪ್ಪ. ಅದನ್ನೂ ಊರೆಲ್ಲ ಕೇಳಿತು.

ಫಕೀರವ್ವ ಸೊಂಟದಿಂದ ಸೀರೆ ಬಿಡಿಸಿ ನೆಲಕ್ಕೆ ಬಿಟ್ಟಳು. ಕುಬೇರಪ್ಪ ಒಳಗೆ ಬರಲು ಕಾಲು ಎತ್ತಿದ. ಅವನಿಗೆ ಅಲ್ಲಿ ಜಾಗ ಇರಲಿಲ್ಲ. ಕೇರಿಯ ಹೆಣ್ಣುಮಕ್ಕಳು ಕೊಡ ಎತ್ತಿಕೊಂಡು ಹೊರಗೆ ಬರುತ್ತಿದ್ದರು. ಅವನು ಬಾಜು ಸರಿದ. ಯಾರೂ ಆರತಿ ಎತ್ತಲಿಲ್ಲ, ಯಾರೂ ಅವನ ಮುಖ ನೋಡಲಿಲ್ಲ. ದುರಗವ್ವ ಮಾತ್ರ ಹೋಗುತ್ತ, "ಬರ್ರಿ, ನಿಮ್ಮ ಮಾತ ಖರೇ ಮಾಡಾಕ ಹೊಂಟೀವಿ" ಅಂದಳು.

ಒಡ್ಡಿನ ಮೇಲೆ ಗುರವ್ವ ಇದ್ದಳು, ಇನ್ನೂ ನಾಲ್ಕು ಜನ ಊರಿನ ಹೆಂಗಸರು ಇದ್ದರು. ಹಾರ್ನಿನಲ್ಲಿ ಎಲ್ಲ ಕೇಳಿಸಿಕೊಂಡು ಹಾಗೇ ನಿಂತುಬಿಟ್ಟಿದ್ದರು. ಹಿಂದೆ ಊರ ಗಂಡಸರು ಬಂದು ನಿಂತರು. ಒಬ್ಬಿಬ್ಬರ ಕೈಯಲ್ಲಿ ಬಡಿಗೆ. ಮುಂದೆ ಶಂಕ್ರಪ್ಪ, ಮುಖ ಕೆಂಡ. ಆದರೆ ತಡೆಯುವುದು ಹೇಗೆ? ತಡೆದರೆ ಸಾಹುಕಾರ ಸಭೆಯಲ್ಲಿ ಸುಳ್ಳು ಹೇಳಿದ ಹಾಗಾಯಿತು, ಈಗಷ್ಟೇ ಊರಿಗೆ ಊರೇ ಕೇಳಿದೆ. ಜೀಪಿನ ಬಳಿ ಕುಬೇರಪ್ಪ ಆಕಾಶ ನೋಡುತ್ತ ನಿಂತಿದ್ದ.

ಫಕೀರವ್ವ ಮೊದಲ ಪಾವಟಿಗೆಯ ಮುಂದೆ ನಿಂತಳು. ಇಪ್ಪತ್ತೇಳು ವರ್ಷ ನೋಡಿದ ಕಲ್ಲು. ಕಾಲು ಏಳಲಿಲ್ಲ. ಎಂಥಾ ನಾಚಿಕೆಗೇಡು, ಯಾರೂ ಹಿಡಿದುಕೊಂಡಿರಲಿಲ್ಲ, ಆದರೂ ಕಾಲು ಏಳಲಿಲ್ಲ. ಅವಳಿಗೆ ತನ್ನ ಕಾಲಿನ ಮೇಲೇ ಸಿಟ್ಟು ಬಂತು. "ಏಳ ನಿನ್ನ!" ಅಂತ ಬೈದಳು. ಆಗ ಎದ್ದಿತು.

ಕಲ್ಲು ಬಿಸಿ ಇತ್ತು. ಎರಡನೆಯದೂ ಬಿಸಿ. ದುರಗವ್ವ ಅವಳನ್ನು ದಾಟಿ ಮುಂದೆ ಹೋದಳು, ಮದುವಣಗಿತ್ತಿಯ ಗತ್ತಿನಲ್ಲಿ. ಮೂರನೆಯದರ ಮೇಲೆ ಕಾಲಿಟ್ಟದ್ದೇ ತಡ, ಸರ್ರನೆ ಜಾರಿ ಕುಂಡಿ ಊರಿ ಕೂತಳು. ಕೊಡ ಢಣಢಣ ಉರುಳಿ ನೀರಿಗೆ ಬಿತ್ತು.

"ಅಯ್ಯ, ಮೂರನೇದ ಜಾರತೈತಿ, ನೀರ ಚೆಲ್ಲಿ ಪಾಚಿ ಕಟ್ಟೈತಿ!" ಅಂದಳು ಗುರವ್ವ. ತಡೆಯಲಾಗದೆ ಬಾಯಿಂದ ಬಂದ ಮಾತು. ಅಂದವಳೇ ಗಂಡನ ಮುಖ ನೋಡಿ ಸೆರಗು ಕಚ್ಚಿಕೊಂಡಳು.

ದುರಗವ್ವ ಕೂತಲ್ಲೇ ಕೂತಿದ್ದಳು. ಮೊದಲು ನಕ್ಕಳು. ಆಮೇಲೆ ನಗು ಎಲ್ಲೋ ತಪ್ಪಿತು. "ಅರವತ್ತ ವರ್ಷ ಕುಡದೀನಿ ಈ ನೀರ" ಅಂದಳು. "ಯಾವ ಪಾವಟಿಗಿ ಜಾರತೈತಿ ಅನ್ನೂದ ನನಗ ಗೊತ್ತಿಲ್ಲಲ್ಲಬೇ ಫಕೀರವ್ವಾ." ಅವಳ ಕಣ್ಣಲ್ಲಿ ನೀರು ಬಂತು. ಫಕೀರವ್ವನಿಗೂ ಬಂತು. ಇಬ್ಬರೂ ಒರೆಸಿಕೊಳ್ಳಲಿಲ್ಲ.

ಮೇಲಿನಿಂದ ರಾಮಪ್ಪ ಇಳಿದು ಬಂದ. ಹೆಂಡತಿಯ ಕಡೆ ನೋಡಲಿಲ್ಲ, ಧಣಿಯ ಕಡೆಯೂ ನೋಡಲಿಲ್ಲ. ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿದ. ಆಮೇಲೆ ಮೂರನೆಯ ಪಾವಟಿಗೆಯ ಮೇಲೆ ಕಾಲು ಅಗಲಿಸಿ ಗಟ್ಟಿಯಾಗಿ ನಿಂತು, ಸಣ್ಣವ್ವ ದಾಟುವಾಗ ತೋಳು ಚಾಚಿದ. ಸಣ್ಣವ್ವ ಮಾವನ ತೋಳು ಹಿಡಿದು ಇಳಿದಳು. ಮೊಣಕಾಲಿನವರೆಗೆ ನೀರಿಗೆ ಹೋದಳು. ಕೊಡ ಬಗ್ಗಿಸಿದಳು. ಗುಳುಗುಳು ಅಂತ ತುಂಬಿಕೊಂಡಿತು. ಅವಳು ಅದನ್ನು ಮತ್ತೆ ಚೆಲ್ಲಿ ಮತ್ತೆ ತುಂಬಿದಳು, ಬರೀ ಆ ಸದ್ದಿಗೆ.

ಕುಬೇರಪ್ಪ ಎಂಟು ದಿನಕ್ಕೆ ಮತ್ತೆ ಆರಿಸಿ ಬಂದ, ಬರುವುದು ಬಂದ. ಹಾರ ಹಾಕಿಸಿಕೊಂಡು ಬೆಂಗಳೂರಿಗೂ ಹೋದ. ನಳ ಬರಲಿಲ್ಲ. ಅಟ್ಟದ ಮೇಲಿನ ಗಂಟುಗಳನ್ನು ಮಾತ್ರ ಸುಟ್ಟು ಹಾಕಿಸಿದನಂತೆ. ಅದು ಮುಂದಿನ ಮಾತು.

ಮರುದಿನ ಬೆಳಿಗ್ಗೆಯ ಮಾತು ಬೇರೆ. ರಾಮಪ್ಪನಿಗೆ ಕೆಲಸಕ್ಕೆ ಬರಬೇಡ ಅಂತ ಹೇಳಿಕಳಿಸಿದ್ದರು. ಸೂರ್ಯ ಮೂಡುವ ಮೊದಲೇ ಶಂಕ್ರಪ್ಪ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು, ಕೆರೆ ಶುದ್ಧ ಮಾಡಲು ಒಂದು ತಂಬಿಗೆ ಗೋಮೂತ್ರ ಹಿಡಿದು ಬಂದಿದ್ದ. ಅಷ್ಟು ದೊಡ್ಡ ಕೆರೆಗೆ ಒಂದು ತಂಬಿಗೆ, ಅದರಲ್ಲೂ ಜಿಪುಣ. ಬಡಿಗೆಗಳೂ ಇದ್ದವು. ಈ ಸಲ ಮೈಕ್ ಇರಲಿಲ್ಲ.

ಕೇರಿಯಿಂದ ಸಾಲು ಬಂತು. ಮುಂದೆ ಫಕೀರವ್ವ, ಹಿಂದೆ ಸಣ್ಣವ್ವ, ಹಿಂದೆ ಉಳಿದವರು. ಇವತ್ತು ಗಂಡಸರೂ ಇದ್ದರು. ಯಾರೂ ಒಡ್ಡಿನ ಮೇಲೆ ಕೂರಲಿಲ್ಲ. ಶಂಕ್ರಪ್ಪ ಕಣ್ಣು ಕೆಂಪು ಮಾಡಿ, ತಂಬಿಗೆ ಹಿಡಿದು, ಅವರಿಗಿಂತ ಮೊದಲು ಇಳಿಯಲು ದಡದಡ ಪಾವಟಿಗೆಗೆ ನುಗ್ಗಿದ.

ದುರಗವ್ವ ಹಿಂದಿನಿಂದ ಕೂಗಿದಳು, ತನ್ನ ಮನೆಗೆ ಬಂದವರಿಗೆ ಹೇಳುವ ಹಾಗೆ.

"ಪ್ರಧಾನ್ರ, ಸಾವಕಾಶ ಇಳೀರಿ. ಮೂರನೇದ ಜಾರತೈತಿ."